ಈ ಸಲದ ನಕ್ಷೆ ಅಪ್‌ಡೇಟ್ ವಾಪಸ್ ತಗೊಳ್ರಿ, ಒಂದಿಡೀ ಓಣಿ ಬಿಲ್ಲು ಅದಲಿ ಬದಲಿ ಆಗ್ಯಾವ

ಗೆ,
ಪುರಸಭೆ ಆಸ್ತಿ ನಕ್ಷೆ ಮತ್ತ ಜಿಐಎಸ್ (ಕಂಪ್ಯೂಟರ್ ನಕ್ಷೆ) ಡೇಟಾಬೇಸ್ ನಿರ್ವಹಣೆ ಗುತ್ತಿಗೆ ಹಿಡಿದ ಕಂಪನಿ,
ಸಪೋರ್ಟ್ ವಿಭಾಗದ ಮುಖ್ಯಸ್ಥರಿಗೆ

ವಿಷಯ: ಆಸ್ತಿ ಐಡಿ ಬದಲಾದದ್ದು, ನಾವು ಮಾಡಿದ ತಿದ್ದುಪಡಿ ಅಳಿಸಿ ಹೋದದ್ದು, ಕೆಲಸ ಆಗದನ ಟಿಕೆಟ್ ಕ್ಲೋಸ್ ಮಾಡಿದ್ದು

ನಮಸ್ಕಾರ್ರಿ ಸರ್,

ನಾನು ಬಾಗಲಕೋಟಿ ಜಿಲ್ಲಾದಾಗ ಘಟಪ್ರಭಾ ಹೊಳಿ ಕಡೆ ಇರೋ ಒಂದು ಸಣ್ಣ ಊರಿನ ಪುರಸಭೆ ಕಂದಾಯ ವಿಭಾಗದ ಕಂಪ್ಯೂಟರ್ ಆಪರೇಟರ್. ನಿಮ್ಮ ಪೋರ್ಟಲ್‌ನಾಗ ಟಿಕೆಟ್ ಹಾಕಿ ಹಾಕಿ ಸಾಕಾಗೇತಿ, ಹಾಕಿದ್ದೆಲ್ಲಾ "ರಿಸಾಲ್ವ್ಡ್" ಅಂತ ಹಸರ ಬಣ್ಣ ಆಗ್ತೈತಿ, ನಮ್ಮ ಕೌಂಟರ್ ಮುಂದಿನ ಪಾಳಿ ಮಾತ್ರ ಕಮ್ಮಿ ಆಗವಲ್ದು. ಅದಕ್ಕ ಪತ್ರಾನ ಬರಿಯಾಕತ್ತೀನಿ. ಉದ್ದ ಆಗ್ತೈತಿ, ಆದ್ರೂ ಪೂರ್ತಿ ಓದ್ರಿ.

ಮಾರ್ಚ್ ಕಡೀಕ ನೀವು ಹೊಸಾ ಆಸ್ತಿ ಲೇಯರ್, ಅಂದ್ರ ಊರಿನ ಮನಿ ಜಾಗಾ ಗುರುತು ಮಾಡಿದ ನಕ್ಷೆ ಫೈಲು, ಕಳಿಸಿದ್ರಿ. ಹಳೇದು ತಗದು ಹೊಸಾದು ಹಾಕ್ರಿ ಅಂದ್ರಿ, ಹಾಕಿದ್ವಿ. ಏಪ್ರಿಲ್ ಶುರು ಆತು, ಏಪ್ರಿಲ್ ಅಂದ್ರ ನಮಗ ಸುಗ್ಗಿ, ಆ ತಿಂಗಳ ಮನೆಪಟ್ಟಿ ಕಟ್ಟಿದ್ರ 5 ಪರ್ಸೆಂಟ್ ರಿಯಾಯಿತಿ ಐತಿ ಅಂತ ಮಂದಿ ತಾವಾಗೇ ಬರ್ತಾರ. ಬಿಲ್ ಕಲೆಕ್ಟರ್ ಕೈಯಾಗಿನ ಟ್ಯಾಬ್‌ನಾಗ ನಕ್ಷೆ ಮ್ಯಾಲೆ ಮನಿ ಮುಟ್ಟಿದ್ರ ಬಿಲ್ಲು ತೆರೀತೈತಿ, ಅದನ್ನ ನೋಡಿ ಅವ ಮನಿ ಮನಿಗೆ ಕೊಟ್ಟು ಬಂದ. ಮರುದಿನ ಮುಂಜಾನೆ ಆಫೀಸ್ ತೆಗಿಯೂದ್ರಾಗ ಕೆಳಗಿನ ಓಣಿ ಅರ್ಧ ಬಂದು ಕುಂತಿತ್ತು. ಎರಡು ಖೋಲಿ ಮನಿಯಾಗ ಇರೋ ಒಬ್ಬ ಅಜ್ಜಿಗೆ ಪಕ್ಕದ ಹಿಟ್ಟಿನ ಗಿರಣಿ ಕಮರ್ಷಿಯಲ್ ಬಿಲ್ಲು ಹೋಗೇತಿ. ಗಿರಣಿಯವ್ರಿಗೆ ಅವರ ಆಚೆ ಬಾಜೂಕಿನ ಖುಲ್ಲಾ ಜಾಗಾದ ಬಿಲ್ಲು. ಅವ್ರೇನು ತಕರಾರು ಮಾಡ್ಲಿಲ್ಲ, ಅವತ್ತ ರೊಕ್ಕ ಕಟ್ಟಿ ಪಾವತಿ ತಗೊಂಡು ಹೋಗಿಬಿಟ್ರು. ಈಗ ಅವ್ರ ಕಡೆ ಹೋಗಿ ನಿಮ್ಮ ಬಿಲ್ಲು ಅದಲ್ರಿ ಅಂತ ಹೇಳಾವ್ರು ಯಾರು, ನೀವು ಬರ್ತೀರೇನು? ಅಜ್ಜಿ ಮಾತ್ರ ಬಿಲ್ಲು ಸೆರಗಿನಾಗ ಗಂಟು ಹಾಕ್ಕೊಂಡು ದಿನಾ ಬರ್ತಾಳ, "ತಮ್ಮಾ, ನಾ ಗಿರಣಿ ಯಾವಾಗ ಹಾಕೀನೋ" ಅಂತ ಕೇಳ್ತಾಳ.

ನಿಮ್ಮ ಹುಡುಗ ಫೋನ್‌ನಾಗ ಹೇಳಿದ್ದು ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡ್ರಿ ಅಂತ. ಮಾಡಿದೆ. ಗಿರಣಿ ಅಜ್ಜಿ ಮನಿಯಾಗಿಂದ ಹೊರಗ ಬರ್ಲಿಲ್ಲ.

ಕಡೀಕ ನಾನೇ ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಾಗ ಹಳೆ ಫೈಲು ಹೊಸ ಫೈಲು ಒಂದರ ಮ್ಯಾಲೊಂದು ಹಾಕಿ ನೋಡಿದೆ. ಓಣಿ ಮೊದಲಿಗೆ 2019ರ ಆಗಸ್ಟ್‌ನಾಗ ಹೊಳಿ ಬಂದಾಗ ಬಿದ್ದ ಮನಿ ಒಂದೈತಿ. ಮ್ಯಾಲಿಂದ ತಗದ ಹೊಸಾ ಇಮೇಜ್‌ನಾಗ ಅಲ್ಲಿ ಛಾವಣಿ ಕಾಣಂಗಿಲ್ಲಲ್ಲಾ, ನಿಮ್ಮವ್ರು ಆ ಪಾಲಿಗನ್ (ನಕ್ಷೆಯಾಗಿನ ಮನಿ ಗಡಿ ಗೆರಿ) ಡಿಲೀಟ್ ಹೊಡ್ದಾರ. ಹೋಗ್ಲಿ ಅಂದ್ರ ನೀವು ಆಸ್ತಿ ಐಡಿ ಅಂತ ಕೊಟ್ಟಿರೋದು ಬ್ಯಾರೆ ಏನೂ ಅಲ್ಲ, ಶೇಪ್‌ಫೈಲ್‌ನಾಗಿನ (ನೀವು ಕಳಿಸೋ ನಕ್ಷೆ ಫೈಲಿನಾಗಿನ) ಸಾಲಿನ ನಂಬರ್! ನಡುವಿಂದ ಒಂದು ಸಾಲು ತಗದ್ರ ಕೆಳಗಿನವೆಲ್ಲಾ ಒಂದೊಂದು ಮ್ಯಾಲೆ ಸರೀತಾವ. ಯಾರು ಎಷ್ಟು ಕಟ್ಟಬೇಕು ಅಂತ ಬರೆಯೋ ನಮ್ಮ ಡಿಮ್ಯಾಂಡ್ ರಿಜಿಸ್ಟರ್ ಹಳೆ ನಂಬರ್ ಹಿಡಕೊಂಡು ಕುಂತೈತಿ, ನಕ್ಷೆ ಸರದು ಹೋಗೇತಿ, ಅದಕ್ಕ ಪ್ರತಿಯೊಬ್ಬರ ಬಿಲ್ಲು ಮುಂದಿನ ಮನಿಗೆ. ಇಷ್ಟು ಸಣ್ಣ ಕಾರಣ. ಸಾಲಿನ ನಂಬರ್ ಐಡಿ ಅಂತ ಇಡಬಾರ್ದು ಅನ್ನೋದು ಈ ಕೆಲಸದಾಗ ಮೊದಲ ವಾರ ಹೇಳಿಕೊಡೋ ಪಾಠ, ದೊಡ್ಡ ಟೆಂಡರ್ ಹಿಡದಾವ್ರಿಗೆ ನಾ ಹೇಳಬೇಕೇನ್ರಿ?

ಇನ್ನ ಬಿದ್ದ ಮನಿ ವಿಷಯ. ಛಾವಣಿ ಬಿದ್ರ ಆಸ್ತಿ ಬೀಳಂಗಿಲ್ಲ ಸರ್. ಜಾಗಾ ಅವರದ, ಸಿಟಿ ಸರ್ವೆ ಆಫೀಸಿನಾಗ ಸಿಟಿಎಸ್ ನಂಬರ್ ಅವರ ಹೆಸರಿಗೇ ಐತಿ. ಆವಾಗ ಪೂರ್ತಿ ಬಿದ್ದ ಮನಿಗೆ ಸರ್ಕಾರ 5 ಲಕ್ಷ ಅಂದಿತ್ತು, ಆ ಕಾಗದದಾಗೂ ಅದೇ ಜಾಗಾ ಐತಿ. ಹಿಡಕಲ್ ಡ್ಯಾಮಿನಿಂದ ನೀರು ಬಿಟ್ರು ಅಂದ್ರ ಮೊದಲ ಮುಳುಗೋದು ಆ ಓಣಿ, ನಾಳೆ ಮತ್ತ ಹೊಳಿ ಬಂದ್ರ ಯಾರ ಮನಿ ಎಲ್ಲಿತ್ತು ಅಂತ ಪಟ್ಟಿ ಮಾಡೋದು ಇದೇ ನಕ್ಷೆ ನೋಡಿ. ಅದನ್ನ ಅಳಸೋ ಬದ್ಲಿ "ಕಟ್ಟಡ ಇಲ್ಲ, ಖುಲ್ಲಾ ಜಾಗಾ" ಅಂತ ಸ್ಥಿತಿ ಬದಲಿಸಿ ಯಾವ ತಾರೀಖಿನಿಂದ ಅಂತ ಒಂದು ಕಾಲಂ ಇಟ್ಟಿದ್ರ ಮುಗೀತಿತ್ತು. ನಿಮ್ಮ ಡೇಟಾಬೇಸ್‌ನಾಗ ತಾರೀಖಿನ ಕಾಲಮೇ ಇಲ್ಲ, ನಿನ್ನೆ ಹೆಂಗಿತ್ತು ಅಂತ ಯಾರರೆ ಕೇಳಿದ್ರ ತೋರಸಾಕ ಏನೂ ಇಲ್ಲ.

ಎರಡನೇದು, ಇದು ನನಗ ಹೆಚ್ಚು ಹೊಟ್ಟಿ ಉರಿಸಿದ್ದು. ಅಣ್ಣ ತಮ್ಮರು ವಾಟ್ನಿ (ಪಾಲು) ಆಗಿ ಒಂದು ಮನಿ ಎರಡು ಆದದ್ದು, ಹಿತ್ತಲ ಮಾರಿದ್ದು, ಓಣಿಗೆ ರಸ್ತಾ ಬಿಟ್ಟದ್ದು, ಇಂಥಾವನ್ನ ನಾನು ಮತ್ತ ಬಿಲ್ ಕಲೆಕ್ಟರ್ ಇಬ್ರು ಬಿಸಲಾಗ ಟೇಪ್ ಹಿಡದು ಅಳದು, ಉತಾರ, ಪ್ರಾಪರ್ಟಿ ಕಾರ್ಡ್ ತಾಳೆ ನೋಡಿ ಹಾಕಿದ್ವಿ. ನಿಮಗ ಕಳಿಸಿದ್ವಿ ಕೂಡ, ಮೇಲ್ ಮುಟ್ಟೇತಿ ಅಂತ ಉತ್ತರ ಬಂದೈತಿ. ಹೊಸಾ ಫೈಲಿನಾಗ ಅವು ಒಂದೂ ಇಲ್ಲ. ನೀವು ಮೂಲ ಸರ್ವೆ ಫೈಲಿನ ಮ್ಯಾಲೆ ಹೊಸಾ ಕೆಲಸ ಮಾಡಿ ಅದನ್ನ ನಮ್ಮ ಮ್ಯಾಲೆ ಸುರವೀರಿ, ನಡುವಿನ ತಿದ್ದುಪಡಿ ಎಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತು. ವಾಟ್ನಿ ಆದ ಒಬ್ಬ ತಮ್ಮ ಈಗ ತನ್ನ ಪಾಲು ಮಾರಬೇಕಂತಾನ, 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದ ರಿಜಿಸ್ಟ್ರೇಶನ್ ಆಗಂಗಿಲ್ಲ, ಇ-ಖಾತಾ ಮಾಡೋಣು ಅಂದ್ರ ನಕ್ಷೆಯಾಗ ಅವನ ಪಾಲೇ ಮಾಯ. ಅವ ನಮಗ ಬೈತಾನ, ನಾ ಯಾರಿಗೆ ಬೈಯಲಿ.

ಹೆಸರಿನ ಕತಿ ಬ್ಯಾರೇನ ಐತಿ. ಮಾಲಕರ ಹೆಸರಿನ ಕಾಲಂ ಅಗಲ 50 ಇಟ್ಟೀರಿ. ಶೇಪ್‌ಫೈಲ್ ಜೋಡಿ ಬರೋ ಡಿಬಿಎಫ್ ಅನ್ನೋ ಪಟ್ಟಿ ಫೈಲಿನಾಗ ಆ 50 ಅಂದ್ರ 50 ಅಕ್ಷರ ಅಲ್ಲ, 50 ಬೈಟ್ (ಕಂಪ್ಯೂಟರ್‌ನಾಗ ಜಾಗಾ ಅಳಿಯೋ ಅಳತಿ). ಯೂನಿಕೋಡ್ ಕನ್ನಡದಾಗ ಅಕ್ಷರ, ಒತ್ತು ಹಚ್ಚೋ ಚಿಹ್ನಿ, ಗುಣಿತ, ಸೊನ್ನಿ ಎಲ್ಲಾ ಬ್ಯಾರೆ ಬ್ಯಾರೆ, ಒಂದೊಂದಕ್ಕ 3 ಬೈಟ್ ಬೇಕು. "ಮಲ್ಲಿಕಾರ್ಜುನ ತಂದೆ" ಅನ್ನೂದ್ರಾಗ ಜಾಗಾ ಖಾಲಿ, ತಂದಿ ಹೆಸರು ಬರೂದ್ರೊಳಗ ಕಟ್! ನಮ್ಮ ಊರಾಗ ಮಲ್ಲಿಕಾರ್ಜುನ ಅನ್ನಾವ್ರು ಓಣಿಗೊಬ್ರು ಅದಾರ, ತಂದಿ ಹೆಸರು ಇಲ್ಲದ ಯಾವ ಮಲ್ಲಿಕಾರ್ಜುನ ಅಂತ ಹುಡುಕೋದು? ಹಳೇ ನುಡಿ ಫಾಂಟ್‌ನಾಗ ಟೈಪ್ ಮಾಡಿದ ಹೆಸರುಗಳನ್ನಂತೂ ಯೂನಿಕೋಡ್‌ಗೆ ಕನ್ವರ್ಟ್ ಮಾಡದ ಹಂಗ ತುಂಬೀರಿ, ಅವು ಇಂಗ್ಲಿಷ್ ಅಕ್ಷರದ ಕಸ ಕಂಡಂಗ ಕಾಣ್ತಾವ. ಈ ಶೇಪ್‌ಫೈಲ್ ಬಿಟ್ಟು ಜಿಯೋಪ್ಯಾಕೇಜ್ ಅನ್ನೋ ಫೈಲ್ ನಮೂನಿಯಾಗ ಕೊಡ್ರಿ, ಅದರಾಗ ಈ ಅಗಲದ ತಾಪತ್ರಯ ಇಲ್ಲ, ಒಂದೇ ಫೈಲ್, ಪುಕ್ಕಟೆ ಸಾಫ್ಟ್‌ವೇರ್‌ನಾಗೂ ತೆರೀತೈತಿ.

ನಕ್ಷೆ ಭೂಮಿ ಮ್ಯಾಲೆ ಎಲ್ಲಿ ಕೂಡಬೇಕು ಅಂತ ಹೇಳೋ ಪಿಆರ್‌ಜೆ ಫೈಲು ಕಳಿಸೋದು ಮರೆತಿದ್ರಿ, ಅದು ಸಣ್ಣದು. ನಮ್ಮ ಜಿಲ್ಲಾ ಯುಟಿಎಂ (ನಕ್ಷೆ ಅಳತಿಗೆ ಭೂಮಿ ಪಟ್ಟಿ ಪಟ್ಟಿ ಮಾಡೋ ಪದ್ಧತಿ) 43ನೇ ವಲಯದಾಗ ಬರ್ತೈತಿ ಅಂತ ಗೊತ್ತಿತ್ತು, ನಾನೇ ಹಾಕ್ಕೊಂಡೆ. ಆದ್ರ ಅದನ್ನ ಹಾಕಿದ ಮ್ಯಾಲೂ ಊರ ಹೊರಗಿನ ಎನ್‌ಎ (ಹೊಲ ಇದ್ದದ್ದನ್ನ ಬ್ಯಾರೆ ಉಪಯೋಗಕ್ಕ ಬದಲಿಸಿದ) ಲೇಔಟ್ ಪ್ಲಾಟ್‌ಗಳು ರಸ್ತಾ ದಾಟಿ ಪಕ್ಕದ ಕಬ್ಬಿನ ಹೊಲದಾಗ ಕುಂತಾವ. ಮಂದಿ ಮೊಬೈಲ್‌ನಾಗ ಸರ್ಕಾರದ ದಿಶಾಂಕ್ ಆಪ್ ತೆಗದು ನನ್ನ ಮುಖದ ಮುಂದ ಹಿಡೀತಾರ, ಸರ್ವೆ ನಂಬರ್ ಇಲ್ಲಿ ತೋರಸ್ತೈತಿ, ನಿಮ್ಮಲ್ಲಿ ಯಾಕ ಅಲ್ಲಿ ಅಂತ. ಇದನ್ನೂ ಜಾಗಾಕ್ಕ ಬಂದು ನೋಡ್ರಿ, ಆಫೀಸ್‌ನಾಗ ಕುಂತು ಎಳದು ಸರಿಸಬ್ಯಾಡ್ರಿ, ಹಂಗ ಮಾಡಿದ್ರ ಒಂದು ಮೂಲಿ ಸರಿ ಆಗಿ ಇನ್ನೊಂದು ಕೆಡ್ತೈತಿ.

ನಮಗ ಬೇಕಾದದ್ದು ಇಷ್ಟು. ಹಳೆ ಐಡಿ ಹಂಗ ಇಟ್ಟು ಲೇಯರ್ ಮತ್ತ ಕೊಡ್ರಿ, ಒಮ್ಮೆ ಕೊಟ್ಟ ನಂಬರ್ ಮನಿ ಬಿದ್ರೂ ಒಡದ್ರೂ ಇನ್ನೊಬ್ಬರಿಗೆ ಹೋಗಬಾರ್ದು, ಒಡದ ಮನಿಗೆ ಹೊಸಾ ನಂಬರ್ ಕೊಟ್ಟು ಹಳೇದು ಯಾವುದರಿಂದ ಬಂತು ಅಂತ ಬರೀರಿ. ನಾವು ಕಳಿಸಿದ ತಿದ್ದುಪಡಿ ಮೊದಲ ಸೇರಿಸಿ ಆಮ್ಯಾಲೆ ನಿಮ್ಮ ಕೆಲಸ ಹಚ್ರಿ. ಪ್ರತಿ ಅಪ್‌ಡೇಟ್ ಜೋಡಿ ಯಾವ ಯಾವ ಆಸ್ತಿ ಮುಟ್ಟೀರಿ ಅಂತ ಒಂದು ಪಟ್ಟಿ ಬೇಕು, ಎಕ್ಸೆಲ್ ಇದ್ರೂ ನಡೀತೈತಿ. ಮತ್ತ ಮಾರ್ಚ್ ಏಪ್ರಿಲ್‌ನಾಗ ದಯವಿಟ್ಟು ಏನೂ ಕಳಿಸಬ್ಯಾಡ್ರಿ. ಟಿಕೆಟ್ ಕ್ಲೋಸ್ ಮಾಡೋ ಬಟನ್ ನಮ್ಮ ಕಡೆ ಇರ್ಲಿ.

ಸದ್ಯಕ್ಕ ಕೆಳಗಿನ ಓಣಿಗೆ ಹಳೆ ಪ್ರಿಂಟ್ ನಕ್ಷೆ ಹಚ್ಚಿ ಕೈಲೇ ಬಿಲ್ಲು ಬರದು ಕೊಡಾಕತ್ತೀವಿ. ಸರಿ ಆದ ಫೈಲು ಬಂದು ನಾನು ಓಣಿಯಾಗ ನಿಂತು ತಾಳೆ ನೋಡೂತನಾ ಈ ತ್ರೈಮಾಸಿಕದ ನಿಮ್ಮ ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ಬಿಲ್ಲು ಪಾಸ್ ಮಾಡಬಾರ್ದು ಅಂತ ಕಡತದಾಗ ಟಿಪ್ಪಣಿ ಇಟ್ಟೀನಿ, ಮುಖ್ಯಾಧಿಕಾರಿ ಸಾಹೇಬ್ರ ಸಹಿ ಆಗೇತಿ. ಹಳೆ ಹೊಸ ಎರಡೂ ಫೈಲು, ಸರದ ಮನಿಗಳ ಪಟ್ಟಿ ಇದರ ಜೋಡಿ ಹಚ್ಚೀನಿ.

ಇಂತಿ,
ಕಂಪ್ಯೂಟರ್ ಆಪರೇಟರ್, ಕಂದಾಯ ವಿಭಾಗ