ಈ ಮಳೆಗಾಲ ಗದ್ದೆಗೆ ಇಳಿಯಬೇಡಿ

ಡಾರ್ವಿನ್, ಆಸ್ಟ್ರೇಲಿಯಾ

ಪೂಜ್ಯ ಅಣ್ಣನವರಿಗೆ ಹಾಗೂ ಅತ್ತಿಗೆಯವರಿಗೆ ನಮಸ್ಕಾರಗಳು.

ಮೂತ್ರಪಿಂಡದ ಕಸಿಯಾಗಿ ವರ್ಷ ತುಂಬುವ ಮೊದಲೇ ನೀವು ಈ ಸಲದ ನಾಟಿಗೆ ಗದ್ದೆಗೆ ಇಳಿಯುವ ಮನಸ್ಸು ಮಾಡಿದ್ದೀರೆಂದು ಅತ್ತಿಗೆ ತಿಳಿಸಿದರು. ಫೋನಿನಲ್ಲಿ ಅವಸರವಾಗಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಪತ್ರ ಬರೆಯುತ್ತಿದ್ದೇನೆ.

ಕಸಿಯ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ನೀವು ನುಂಗುತ್ತಿರುವ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ (ಇದೊಂದು ಸ್ಟೀರಾಯ್ಡ್) ಮಾತ್ರೆಗಳು, ಪರಕೀಯವಾದುದನ್ನು ಗುರುತಿಸುವ ಬಿಳಿ ರಕ್ತಕಣಗಳನ್ನು ಹತ್ತಿಕ್ಕುತ್ತವೆ; ರೋಗಾಣುಗಳನ್ನು ತಡೆಯಬೇಕಾದವೂ ಅವೇ ಕಣಗಳು. ಹಾಗಾಗಿ ಪಕ್ಕದ ಮನೆಯವರಿಗೆ ಏನೂ ಮಾಡದ ಸೂಕ್ಷ್ಮಜೀವಿ ನಿಮ್ಮನ್ನು ಹಾಸಿಗೆ ಹಿಡಿಸಬಲ್ಲದು. ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರವನ್ನೇ ನೋಡಿ: ನಮ್ಮಲ್ಲಿ ಹೆಚ್ಚಿನವರು ಬಾಲ್ಯದಲ್ಲೇ ಅದರ ಸಂಪರ್ಕಕ್ಕೆ ಬಂದಿರುತ್ತೇವೆ, ಆದರೆ ಕಾಯಿಲೆ ಬೀಳುವುದಿಲ್ಲ. ಅದೇ ಶಿಲೀಂಧ್ರದ ನ್ಯುಮೋನಿಯಾ ಲಾಸ್ ಏಂಜಲೀಸ್‌ನ ಐವರು ಯುವಕರಲ್ಲಿ ಕಂಡಿತೆಂಬ 1981ರ ಜೂನ್ ತಿಂಗಳ ವರದಿಯಿಂದಲೇ, ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಏಡ್ಸ್ ಮೊದಲ ಬಾರಿಗೆ ವೈದ್ಯರ ಗಮನಕ್ಕೆ ಬಂತು.

ನನ್ನ ಹೆಚ್ಚಿನ ಚಿಂತೆ ಇರುವುದು ಮೆಲಿಯಾಯ್ಡೋಸಿಸ್ ಎಂಬ ಸೋಂಕುರೋಗದ ಬಗ್ಗೆ. ಅದರ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಬದುಕುತ್ತದೆ. ಮಳೆ ಬಿದ್ದಾಗ ಮೇಲಕ್ಕೆ ಬಂದು, ಕಾಲಿನ ಸಣ್ಣ ಗಾಯದಿಂದಲೋ ಉಸಿರಿನಿಂದಲೋ ಒಳಹೊಗುತ್ತದೆ. ನಾನಿರುವ ಡಾರ್ವಿನ್ ಈ ರೋಗಕ್ಕೆ ಹೆಸರುವಾಸಿಯಾದ ಊರು, ನಮ್ಮ ಕರಾವಳಿಯೂ ಅದರಿಂದ ಹೊರತಲ್ಲ: ಮಣಿಪಾಲದ ವೈದ್ಯರು ಮಳೆಗಾಲದಲ್ಲಿ ಇಂಥ ರೋಗಿಗಳನ್ನು ಕಾಣುತ್ತಲೇ ಇದ್ದಾರೆ. ಸಕ್ಕರೆ ಕಾಯಿಲೆಯವರು, ಮೂತ್ರಪಿಂಡದ ರೋಗಿಗಳು, ಸ್ಟೀರಾಯ್ಡ್ ತೆಗೆದುಕೊಳ್ಳುವವರು ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ಜ್ವರ, ಕೆಮ್ಮು, ತೂಕ ಇಳಿಯುವುದು, ಎದೆಯ ಎಕ್ಸ್‌ರೇಯಲ್ಲಿ ಕಲೆ, ಇವೆಲ್ಲ ಕ್ಷಯವನ್ನೇ ಹೋಲುವುದರಿಂದ ಕೆಲವರಿಗೆ ತಿಂಗಳುಗಟ್ಟಲೆ ಕ್ಷಯದ ಔಷಧಿ ಕೊಟ್ಟು ಕಾಲ ಕಳೆದುಹೋಗುವುದೂ ಉಂಟು. ರಕ್ತವನ್ನು ಕಲ್ಚರ್‌ಗೆ, ಅಂದರೆ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ, ಕಳಿಸದೆ ಇದನ್ನು ಖಚಿತಪಡಿಸುವುದು ಕಷ್ಟ. ಚಿಕಿತ್ಸೆಯೂ ದೀರ್ಘ: ಮೊದಲು ಕನಿಷ್ಠ 10–14 ದಿನ ರಕ್ತನಾಳದ ಮೂಲಕ ಸೆಫ್ಟಾಜಿಡಿಮ್ ಅಥವಾ ಮೆರೊಪೆನಮ್, ಆಮೇಲೆ ಮೂರು ತಿಂಗಳಾದರೂ ಮಾತ್ರೆ.

ಬರಿಗಾಲಿನ ಚರ್ಮದಿಂದ ಒಳಸೇರುವ ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳುವೂ ಇದೆ. ಅದು ದಶಕಗಳ ಕಾಲ ಕರುಳಿನಲ್ಲಿ ಸದ್ದಿಲ್ಲದೆ ಇದ್ದು, ಸ್ಟೀರಾಯ್ಡ್ ಶುರುವಾದಾಗ ದೇಹದ ತುಂಬ ಹರಡಬಲ್ಲದು. ಬಾಲ್ಯದಿಂದಲೂ ಬರಿಗಾಲಿನಲ್ಲೇ ತೋಟ ಸುತ್ತಿದವರು ನೀವು. ಇದರ ಪರೀಕ್ಷೆ ಆಗಿದೆಯೇ ಎಂದು ವೈದ್ಯರಲ್ಲಿ ಕೇಳಿ.

ಕೋಟ್ರೈಮಾಕ್ಸಜೋಲ್ ಮಾತ್ರೆ ಬೇಡವೆನಿಸುತ್ತದೆ ಎಂದಿರಂತೆ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ನ್ಯುಮೋಸಿಸ್ಟಿಸ್ ತಡೆಯಲೆಂದು ಕೊಟ್ಟಿರುವ ಮಾತ್ರೆ ಅದು. ಇಲ್ಲಿ ಡಯಾಲಿಸಿಸ್ ರೋಗಿಗಳಿಗೆ ಮಳೆಗಾಲದಲ್ಲಿ ಮೆಲಿಯಾಯ್ಡೋಸಿಸ್ ಬಾರದಂತೆ ಅದನ್ನೇ ಕೊಡುತ್ತಾರೆ. ಅದು ಪೊಟ್ಯಾಸಿಯಂ ಏರಿಸಬಹುದಾದ್ದರಿಂದ ರಕ್ತಪರೀಕ್ಷೆಯನ್ನು ತಪ್ಪಿಸಬೇಡಿ, ಮೈಮೇಲೆ ದದ್ದು ಎದ್ದರೆ ಕೂಡಲೇ ಆಸ್ಪತ್ರೆಗೆ ತಿಳಿಸಿ.

ಅತ್ತಿಗೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕಷಾಯ ಕೊಟ್ಟು ಬೆಳಗಿನವರೆಗೆ ಕಾಯುವುದು ಬೇಡ. ಸ್ಟೀರಾಯ್ಡ್ ಇರುವಾಗ ದೊಡ್ಡ ಸೋಂಕೂ ಸಣ್ಣ ಜ್ವರವಾಗಿಯೇ ಕಾಣಿಸಿಕೊಳ್ಳಬಹುದು. ಅಂಗಳಕ್ಕೆ ಇಳಿಯುವಾಗಲೂ ಕಾಲಿಗೆ ಬೂಟು ಇರಲಿ.

ಆಳು ಸಿಗದಿದ್ದರೆ ನಾಟಿ ಯಂತ್ರ ತರಿಸಿ, ಬಾಡಿಗೆಯನ್ನು ನಾನು ಕಳಿಸುತ್ತೇನೆ. ಅದೂ ಆಗದಿದ್ದರೆ ಗದ್ದೆ ಒಂದು ವರ್ಷ ಹಡಿಲು ಬೀಳಲಿ.

ಇಂತಿ ನಿಮ್ಮ ಪ್ರೀತಿಯ ತಮ್ಮ