ಪ್ರಕಟಣೆಯ ಕೊನೆಯ ಸಾಲು

ಈ ಏಪ್ರಿಲ್‌ಗೆ ನಾನು ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಿತು. ಇದೇ ತಿಂಗಳ 21ನೆಯ ತಾರೀಖು ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವೂ ಹೌದು. 1968ರಲ್ಲಿ ಅದೇ ದಿನ ದೆಹಲಿಯಲ್ಲಿ ಸೇರಿದ್ದ ಮೊದಲ ಅಖಿಲ ಭಾರತ ಸಮ್ಮೇಳನದಲ್ಲಿ ಈ ವೃತ್ತಿಯವರು ತಮಗೊಂದು ನೀತಿಸಂಹಿತೆಯನ್ನು ಒಪ್ಪಿಕೊಂಡರೆಂಬ ನೆನಪಿಗೆ ಆ ದಿನವನ್ನು ಆರಿಸಿಕೊಳ್ಳಲಾಗಿದೆ. ಕಂಪನಿಗಳ ಸುದ್ದಿಯನ್ನು ಪತ್ರಿಕೆಗಳಿಗೆ ತಲುಪಿಸುವ ನಮ್ಮ ಏಜೆನ್ಸಿಯಲ್ಲಿ ಪ್ರತಿವರ್ಷ ಆ ದಿನ ಕೇಕ್ ಕತ್ತರಿಸುತ್ತಾರೆ. ಈ ಸಲ ಕೇಕಿನ ಜೊತೆಗೆ ಕನ್ನಡ ವಿಭಾಗದ ಹೊಣೆಯನ್ನೂ ನನಗೆ ವಹಿಸಿದರು. ಮನೆಗೆ ಬಂದು ಕುಳಿತಾಗ, ಈ ಜಾಗಕ್ಕೆ ನನ್ನನ್ನು ತಂದವರಲ್ಲಿ ಹೆಚ್ಚಿನವರಿಗೆ ನಾನು ಬಾಯಿಬಿಟ್ಟು ಒಂದು ಮಾತನ್ನೂ ಹೇಳಿಲ್ಲವೆಂಬುದು ನೆನಪಾಗಿ ಸಂಕೋಚವಾಯಿತು. ಹಾಗಾಗಿ ಈ ಬರಹ. ಯಾರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಕೆಲವರು ಬೇಡವೆಂದರು, ಕೆಲವರ ಹೆಸರು ನನಗೇ ಪೂರ್ತಿಯಾಗಿ ಗೊತ್ತಿಲ್ಲ.

ನಾನು ಸಾಗರದ ಕಡೆಯವಳು. ಪತ್ರಿಕೋದ್ಯಮದಲ್ಲಿ ಎಂ.ಎ. ಓದಿದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ. ಅಲ್ಲಿ ನಮಗೆ ಸಾರ್ವಜನಿಕ ಸಂಪರ್ಕದ ವಿಷಯವನ್ನು ಪಾಠ ಮಾಡಿದ ಮೇಷ್ಟ್ರು ಹಿಂದೆ ದಿನಪತ್ರಿಕೆಯೊಂದರಲ್ಲಿ ವರದಿಗಾರರಾಗಿದ್ದವರು. ‘ನೀವೆಲ್ಲ ವರದಿಗಾರರಾಗಬೇಕೆಂದು ಬಂದಿದ್ದೀರಿ, ನಿಮ್ಮಲ್ಲಿ ಅರ್ಧ ಜನ ಪತ್ರಿಕಾ ಪ್ರಕಟಣೆ ಬರೆಯುತ್ತೀರಿ, ಅದರಲ್ಲಿ ಅವಮಾನವೇನೂ ಇಲ್ಲ’ ಎಂದು ಮೊದಲ ತರಗತಿಯಲ್ಲೇ ಹೇಳಿಬಿಟ್ಟಿದ್ದರು. ಅಮೆರಿಕದ ಐವಿ ಲೀ 1906ರಲ್ಲಿ ಸಂಪಾದಕರಿಗೆ ಕಳುಹಿಸಿದ್ದ ತತ್ವಗಳ ಘೋಷಣೆಯನ್ನು ಅವರು ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ನಾವು ಕೊಡುವುದು ಬಹಿರಂಗವಾದ ಮಾಹಿತಿ, ಅದು ನಿಖರವಾಗಿರುತ್ತದೆ, ಹೆಚ್ಚಿನ ವಿವರ ಕೇಳಿದ ಸಂಪಾದಕರಿಗೆ ಕೂಡಲೇ ಒದಗಿಸುತ್ತೇವೆ ಎಂಬುದು ಅದರ ಸಾರ. ಅದೇ ವರ್ಷ ಅಟ್ಲಾಂಟಿಕ್ ಸಿಟಿಯ ಬಳಿ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತಾಗ, ವಿಷಯವನ್ನು ಮುಚ್ಚಿಡುವ ಬದಲು ರೈಲ್ವೆ ಕಂಪನಿಯ ಪರವಾಗಿ ಪತ್ರಿಕೆಗಳಿಗೆ ಲಿಖಿತ ಹೇಳಿಕೆ ಕೊಟ್ಟವರೂ ಇದೇ ಲೀ. ಪರೀಕ್ಷೆಗಾಗಿ ಇಸವಿಗಳನ್ನು ಉರುಹೊಡೆದ ನನಗೆ ‘ನಿಖರ’ ಎಂಬ ಪದದ ತೂಕ ಆಗ ತಿಳಿದಿರಲಿಲ್ಲ. ಅದು ತಿಳಿದದ್ದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ. ಮೇಷ್ಟ್ರೇ, ಆ ಪಾಠಕ್ಕೆ, ಮತ್ತು ಕೆಲಸ ಸಿಗದ ಏಳು ತಿಂಗಳಲ್ಲಿ ಪ್ರತಿ ಭಾನುವಾರ ಫೋನ್ ಮಾಡಿ ‘ಏನಾಯಿತು’ ಎಂದಷ್ಟೇ ಕೇಳಿ ಇಟ್ಟುಬಿಡುತ್ತಿದ್ದುದಕ್ಕೆ ನಾನು ನಿಮಗೆ ಋಣಿ.

ಆ ಏಳು ತಿಂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೊಸದೇನೂ ಅದರಲ್ಲಿಲ್ಲ. ಸಾಗರ ಜಂಬಗಾರು ನಿಲ್ದಾಣದಲ್ಲಿ ರಾತ್ರಿ ರೈಲು ಹತ್ತಿ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದು, ನಿಲ್ದಾಣದ ವಿಶ್ರಾಂತಿ ಕೊಠಡಿಯಲ್ಲೇ ಮುಖ ತೊಳೆದು, ಸಂದರ್ಶನ ಮುಗಿಸಿ ಅದೇ ರಾತ್ರಿ ಮರಳುವುದು ಒಂಬತ್ತು ಸಲ ನಡೆಯಿತು. ಹತ್ತನೆಯ ಸಲ ಮರಳಲಿಲ್ಲ. ಮೊದಲ ಸಂಬಳ ಬರುವವರೆಗೆ ವಿಜಯನಗರದ ಪಿ.ಜಿ.ಯಲ್ಲಿ ತಮ್ಮ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟ ಇಬ್ಬರು ಗೆಳತಿಯರಿಗೆ ಕೃತಜ್ಞತೆ ಹೇಳಿದರೆ ಅವರು ನಗುತ್ತಾರೆ. ಆದರೂ ಹೇಳುತ್ತಿದ್ದೇನೆ.

ಸೇರಿದ ದಿನ ನನ್ನನ್ನು ಕೂರಿಸಿದ್ದು ‘ರೀಜನಲ್ ಮೀಡಿಯಾ’ ಎಂಬ ಮೂಲೆಯಲ್ಲಿ. ಇಂಗ್ಲಿಷ್ ಪತ್ರಿಕೆಗಳಿಗೆ ಬರೆಯುವವರು, ಕ್ಲೈಂಟ್‌ಗಳ ಜೊತೆ ಮಾತನಾಡುವವರು ಬೇರೆ. ಅವರು ಬರೆದು ಒಪ್ಪಿಗೆ ಪಡೆದ ಪ್ರಕಟಣೆ ಸಂಜೆ ನಾಲ್ಕಕ್ಕೆ ನನ್ನ ಬಳಿ ಬರುತ್ತಿತ್ತು, ಐದಕ್ಕೆ ಅದು ಕನ್ನಡದಲ್ಲಿ ಹೊರಡಬೇಕಿತ್ತು. ಅನುವಾದವೆಂದರೆ ಟೈಪಿಂಗ್‌ಗಿಂತ ಒಂದು ಮೆಟ್ಟಿಲು ಮೇಲಿನ ಕೆಲಸವೆಂಬ ಭಾವನೆ ಕಚೇರಿಯಲ್ಲಿತ್ತು, ನನ್ನಲ್ಲೂ ಇತ್ತು. ಕ್ಲೈಂಟ್ ಕಂಪನಿಯ ಮುಖ್ಯಸ್ಥರು ಕನ್ನಡದಲ್ಲಿ ‘ಘೋಷಿಸಲು ರೋಮಾಂಚಿತರಾಗಿದ್ದೇವೆ’ ಎಂದು ಹೇಳುವಂತೆ ಬರೆದವಳು ನಾನೇ. ಅದು ಎಲ್ಲೂ ಅಚ್ಚಾಗಲಿಲ್ಲ, ಪುಣ್ಯಕ್ಕೆ.

ಅಚ್ಚಾಗದಂತೆ ನೋಡಿಕೊಂಡವರು ಪತ್ರಿಕೆಗಳ ಉಪಸಂಪಾದಕರು. ನನ್ನ ನಿಜವಾದ ಎಂ.ಎ. ನಡೆದದ್ದು ಅವರ ಕೈಯಲ್ಲೇ ಎನ್ನಬೇಕು. ಹುಬ್ಬಳ್ಳಿ ಆವೃತ್ತಿಯ ಒಬ್ಬರು ಮೊದಲ ವಾರವೇ ಫೋನ್ ಮಾಡಿ, ಪಿಡಿಎಫ್ ಕಳುಹಿಸಿದರೆ ಅದರಿಂದ ಒಂದು ಸಾಲನ್ನೂ ಎತ್ತಿಕೊಳ್ಳಲಾಗುವುದಿಲ್ಲ, ಯೂನಿಕೋಡ್ ಮಾತ್ರ ಕಳುಹಿಸಿದರೆ ಪುಟ ಕಟ್ಟುವ ತಂತ್ರಾಂಶದಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಆದ್ದರಿಂದ ನುಡಿ ತಂತ್ರಾಂಶದಲ್ಲೊಂದು, ಯೂನಿಕೋಡ್‌ನಲ್ಲೊಂದು ಪ್ರತಿಯನ್ನು ಒಟ್ಟಿಗೆ ಕಳುಹಿಸಿ ಎಂದು ತಾಳ್ಮೆಯಿಂದ ವಿವರಿಸಿದರು. ಇನ್ನೊಬ್ಬರು ರಾತ್ರಿ ಒಂಬತ್ತೂವರೆಗೆ, ಜಿಲ್ಲಾ ಪುಟಗಳು ಮುಗಿಯುವ ಅವಸರದ ನಡುವೆ ಕರೆ ಮಾಡಿ ‘ಮಿಲಿಯನ್ ಅಂದರೆ ಹತ್ತು ಲಕ್ಷ ಅಲ್ಲವೇನಮ್ಮಾ?’ ಎಂದು ಕೇಳಿದರು. ಇಂಗ್ಲಿಷಿನ 1.2 ಮಿಲಿಯನ್ ನನ್ನ ಕನ್ನಡದಲ್ಲಿ 1.2 ಲಕ್ಷವಾಗಿತ್ತು. ಅವರು 12 ಲಕ್ಷವೆಂದು ತಿದ್ದಿಕೊಂಡು, ನನ್ನ ಮೇಲಿನವರಿಗೆ ಸುದ್ದಿ ಮುಟ್ಟಿಸದೆ, ಉಳಿದ ಪತ್ರಿಕೆಗಳಿಗೆ ಕೂಡಲೇ ತಿಳಿಸು ಎಂದು ಫೋನ್ ಇಟ್ಟರು. ಏಜೆನ್ಸಿಯವರು ಪತ್ರಕರ್ತರನ್ನು ಹೇಗೋ ಒಲಿಸಿಕೊಂಡು ಸುದ್ದಿ ಹಾಕಿಸುತ್ತಾರೆಂಬ ಮಾತು ಹೊರಗೆ ಬಹಳ ಇದೆ. ನನ್ನ ಮಟ್ಟಿಗೆ ಅವರು ನನ್ನ ಮಾತಿಗೆ ಒಲಿದದ್ದು ಕಡಿಮೆ, ನನ್ನನ್ನು ತಿದ್ದಿದ್ದೇ ಹೆಚ್ಚು.

ಆದರೆ ಒಂದು ತಪ್ಪನ್ನು ಯಾರೂ ತಿದ್ದಲಿಲ್ಲ. ಏಕೆಂದರೆ ವ್ಯಾಕರಣದಲ್ಲಾಗಲಿ ಅಂಕಿಯಲ್ಲಾಗಲಿ ಅದು ತಪ್ಪೇ ಆಗಿರಲಿಲ್ಲ.

ಸೇರಿದ ಆರನೆಯ ತಿಂಗಳು, ಅಕ್ಟೋಬರ್. ಮಣ್ಣು ಪರೀಕ್ಷೆ ಮಾಡಿ ಮೊಬೈಲಿನಲ್ಲಿ ಗೊಬ್ಬರ, ಔಷಧಿಯ ಸಲಹೆ ಕೊಡುವ ಕಂಪನಿಯೊಂದು ಗದಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ತನ್ನ ಸೇವೆಯನ್ನು ಆರಂಭಿಸುವುದಿತ್ತು. ಇಂಗ್ಲಿಷ್ ಪ್ರಕಟಣೆಯ ಉದ್ದಕ್ಕೂ ‘ಅಗ್ರಿ ಸೊಲ್ಯೂಷನ್ಸ್’ ಎಂದಿತ್ತು. ನಿಘಂಟು ಹೇಳುವಂತೆ ನಾನು ‘ಕಂಪನಿಯು ಈ ಭಾಗದ ರೈತರಿಗೆ ಸಮಗ್ರ ಕೃಷಿ ಪರಿಹಾರ ಒದಗಿಸಲಿದೆ’ ಎಂದು ಬರೆದೆ. ಮರುದಿನ ಒಂದು ಪತ್ರಿಕೆಯ ಜಿಲ್ಲಾ ಆವೃತ್ತಿಗಳಲ್ಲಿ ‘ರೈತರಿಗೆ ಸಮಗ್ರ ಪರಿಹಾರ’ ಎಂಬ ತಲೆಬರಹದಲ್ಲಿ ಸುದ್ದಿ ಬಂತು. ಕೊನೆಯಲ್ಲಿ ‘ಮಾಹಿತಿಗೆ ಸಂಪರ್ಕಿಸಿ’ ಎಂದು ಪ್ರಕಟಣೆಯಲ್ಲಿದ್ದ ನನ್ನ ಮೊಬೈಲ್ ಸಂಖ್ಯೆಯೂ ಇತ್ತು. ಆ ಭಾಗದಲ್ಲಿ ಅದಕ್ಕೆ ಹತ್ತು ದಿನ ಹಿಂದಷ್ಟೇ ಸುರಿದ ಮಳೆಗೆ ಮೆಕ್ಕೆಜೋಳ, ಈರುಳ್ಳಿ, ಶೇಂಗಾ ಹೊಲದಲ್ಲೇ ಕೊಳೆತಿದ್ದವು. ಅಲ್ಲಿಯ ರೈತರ ಕಿವಿಗೆ ಪರಿಹಾರವೆಂದರೆ ಒಂದೇ ಅರ್ಥ. ರಾಜ್ಯ ಸರ್ಕಾರ ಬೆಳೆನಷ್ಟದ ಹಣವನ್ನು ಖಾತೆಗೆ ಹಾಕುವ ತಂತ್ರಾಂಶದ ಹೆಸರೇ ‘ಪರಿಹಾರ’. ಅಡಿಕೆಗೆ ಕೊಳೆರೋಗ ಬಂದ ವರ್ಷಗಳಲ್ಲಿ ಅಪ್ಪಯ್ಯನ ಬಾಯಲ್ಲಿ ಆ ಪದವನ್ನು ನೂರು ಸಲ ಕೇಳಿದ್ದ ನಾನು, ಮೇಜಿನ ಮುಂದೆ ಕುಳಿತಾಗ ಅದನ್ನು ಮರೆತು ನಿಘಂಟನ್ನು ನಂಬಿದ್ದೆ.

ಬೆಳಿಗ್ಗೆ ಆರೂಮುಕ್ಕಾಲಿಗೆ ಮೊದಲ ಕರೆ ಬಂತು. ‘ಪರಿಹಾರ ಕೊಡ್ತೀರಂತ ಪೇಪರ್‌ನಾಗ ಬಂದೈತ್ರಿ, ಎಲ್ಲಿ ಅರ್ಜಿ ಹಾಕ್ಬೇಕ್ರಿ?’ ನಾನು ಏನೋ ತೊದಲಿ ಇಡುವಷ್ಟರಲ್ಲಿ ಎರಡನೆಯದು ಬಂತು, ಮೂರನೆಯದು ಬಂತು. ಎಂಟು ಗಂಟೆಯ ಹೊತ್ತಿಗೆ ಫೋನನ್ನು ಮುಟ್ಟಲು ಹೆದರಿಕೆಯಾಗುತ್ತಿತ್ತು. ಕಚೇರಿಗೆ ಓಡಿ, ಸಿಮ್ ತೆಗೆದಿಡುತ್ತೇನೆ ಎಂದು ನಮ್ಮ ತಂಡದ ಹಿರಿಯ ಮೇಡಂಗೆ ಹೇಳಿದೆ. ಅವರು ಡ್ರಾಯರ್‌ನಿಂದ ಒಂದು ನೋಟ್‌ಬುಕ್ ತೆಗೆದು ಮುಂದಿಟ್ಟು, ‘ಎಲ್ಲ ಕರೆಯನ್ನೂ ತಗೋ, ಹೆಸರು ಊರು ಬರ್ಕೋ, ಸುಸ್ತಾದಾಗ ನನಗೆ ಕೊಡು’ ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕುಳಿತರು. ಆ ದಿನ ಅವರಿಗಿದ್ದ ಎರಡು ಸಭೆಗಳನ್ನು ಬಿಟ್ಟರೆಂಬುದು ನನಗೆ ತಿಳಿದದ್ದು ತಿಂಗಳ ನಂತರ.

ಮೂರು ದಿನಗಳಲ್ಲಿ 140ಕ್ಕೂ ಹೆಚ್ಚು ಕರೆಗಳನ್ನು ನಾವಿಬ್ಬರೂ ತೆಗೆದುಕೊಂಡೆವು. ರೋಣ, ನರಗುಂದ, ಶಿಗ್ಗಾವಿ, ರಾಣೆಬೆನ್ನೂರು, ಕುಂದಗೋಳದ ಹಳ್ಳಿಗಳ ಹೆಸರುಗಳು ಆ ನೋಟ್‌ಬುಕ್ಕಿನ ತುಂಬ ಇವೆ. ಇದು ಸರ್ಕಾರದ ಪರಿಹಾರವಲ್ಲ, ಕಂಪನಿಯೊಂದರ ಸಲಹಾ ಸೇವೆ, ತಪ್ಪು ಪದ ಬರೆದದ್ದು ನಾನು ಎಂದು ಪ್ರತಿಯೊಬ್ಬರಿಗೂ ಹೇಳಬೇಕಿತ್ತು. ಮೊದಮೊದಲು ಬಾಯಿಪಾಠದಂತೆ ಒಪ್ಪಿಸುತ್ತಿದ್ದೆ. ಆದರೆ ಅತ್ತ ಕಡೆಯವರು ಅಷ್ಟಕ್ಕೇ ಇಡುತ್ತಿರಲಿಲ್ಲ. ಆಧಾರ್ ಜೋಡಣೆಯಾಗಿದ್ದರೂ ಹಣ ಬಂದಿಲ್ಲವೆಂದು, ಸಮೀಕ್ಷೆಗೆ ಬಂದವರು ತಮ್ಮ ಹೊಲಕ್ಕೆ ಕಾಲಿಡಲೇ ಇಲ್ಲವೆಂದು, ಪಹಣಿಯಲ್ಲಿ ಬೇರೆ ಬೆಳೆ ನಮೂದಾಗಿದೆಯೆಂದು ಹೇಳುತ್ತಿದ್ದರು. ನಾವು ಮಧ್ಯಾಹ್ನದೊಳಗೆ ವಿಚಾರಿಸಿ ತಿಳಿದುಕೊಂಡು, ಬೆಳೆನಷ್ಟದ ಸಮೀಕ್ಷೆಯನ್ನು ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳು ಜಂಟಿಯಾಗಿ ಮಾಡುತ್ತವೆ, ನಿಮ್ಮ ಗ್ರಾಮ ಆಡಳಿತಾಧಿಕಾರಿಯನ್ನು ಕಾಣಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಎಂದು ಹೇಳತೊಡಗಿದೆವು. ‘ಸಂಪರ್ಕ’ ಎಂಬ ನನ್ನ ವೃತ್ತಿಯ ಪದವೇ ಆ ಕೇಂದ್ರದ ಹೆಸರಿನಲ್ಲೂ ಇರುವುದನ್ನು ನಾನು ಗಮನಿಸಿದ್ದು ಆ ದಿನವೇ.

ಕೆಲವರು ಬೈದರು. ಬೈದದ್ದು ಸರಿ. ರೋಣ ತಾಲ್ಲೂಕಿನ ಒಬ್ಬ ಹಿರಿಯರಿಗೆ ಮಾತ್ರ ಎರಡು ಸಲ ವಿವರಿಸಬೇಕಾಯಿತು. ಅವರಿಗೆ ಕಿವಿ ಮಂದ, ಮೊಮ್ಮಗ ಸುದ್ದಿಯನ್ನು ಓದಿ ಹೇಳಿದ್ದನಂತೆ. ಎಲ್ಲವನ್ನೂ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇರ್ಲಿ ಬಿಡು ತಂಗಿ, ನೀನರ ಫೋನ್ ಎತ್ತಿದಿ’ ಎಂದರು. ನನ್ನ ತಪ್ಪಿನಿಂದ ಒಂದು ಬೆಳಗಿನ ಮಟ್ಟಿಗೆ ಆಸೆ ಹುಟ್ಟಿ ಸತ್ತ ಮನೆಯವರೊಬ್ಬರು ನನಗೇ ಸಮಾಧಾನ ಹೇಳಿದ್ದರು. ನಾನು ಎದ್ದು ಹೋಗಿ ಮುಖ ತೊಳೆದು ಬರುವವರೆಗೆ ಮುಂದಿನ ನಾಲ್ಕು ಕರೆಗಳನ್ನು ಮೇಡಂ ತೆಗೆದುಕೊಂಡರು.

ಪತ್ರಿಕೆ ನಾಲ್ಕು ಸಾಲಿನ ಸ್ಪಷ್ಟನೆಯನ್ನು ಪ್ರಕಟಿಸಿತು. ಇಂಥ ತಪ್ಪು ಹೊರಗಿನಿಂದ ಬಂದಾಗ ಏಜೆನ್ಸಿಯ ಹೆಸರನ್ನು ಎತ್ತಿ ಆಡುವ ಅವಕಾಶ ಅವರಿಗಿತ್ತು, ಅದನ್ನು ಅವರು ಬಳಸಲಿಲ್ಲ. ಕ್ಲೈಂಟ್ ಕಂಪನಿಯವರು ಸಿಟ್ಟಿನಿಂದಲೇ ಬಂದಿದ್ದರು. ಮೇಡಂ ಸಬೂಬು ಹೇಳದೆ ನೋಟ್‌ಬುಕ್ಕನ್ನು ಅವರ ಮುಂದಿಟ್ಟರು. ಅವರು ಅದನ್ನು ಬಹಳ ಹೊತ್ತು ಓದಿ, ಒಂದು ನಕಲು ಬೇಕೆಂದು ಕೇಳಿದರು. ಅವರ ಮುಂದಿನ ಪ್ರಕಟಣೆಯಲ್ಲಿ ‘ಮಣ್ಣು ಪರೀಕ್ಷೆ ಮತ್ತು ಬೆಳೆ ಸಲಹೆ’ ಎಂದು ನೇರವಾಗಿ ಬರೆದೆ. ‘ಸೊಲ್ಯೂಷನ್ಸ್’ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ಇಲ್ಲೊಂದು ತಮಾಷೆಯನ್ನು ಹೇಳಲೇಬೇಕು. ಸುದ್ದಿ ಎಷ್ಟು ಕಾಲಂ ಸೆಂಟಿಮೀಟರ್ ಬಂತು, ಅಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟು ರೂಪಾಯಿ ಆಗುತ್ತಿತ್ತು ಎಂದು ಗುಣಿಸಿ ಕವರೇಜ್ ರಿಪೋರ್ಟ್ ಸಿದ್ಧಪಡಿಸುವುದು ನಮ್ಮ ವೃತ್ತಿಯಲ್ಲಿ ಹಳೆಯ ಪದ್ಧತಿ. ಕೆಲಸದ ಫಲವನ್ನು ಅಳೆಯುವ ಬಗ್ಗೆ ಈ ವೃತ್ತಿಯವರು 2010ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ಒಪ್ಪಿಕೊಂಡ ಬಾರ್ಸಿಲೋನಾ ತತ್ವಗಳು ಈ ಲೆಕ್ಕವು ಸಾರ್ವಜನಿಕ ಸಂಪರ್ಕದ ಬೆಲೆಯನ್ನು ಅಳೆಯುವುದಿಲ್ಲವೆಂದು ಸ್ಪಷ್ಟವಾಗಿಯೇ ಹೇಳಿವೆ, ಆದರೂ ತಿಂಗಳ ಕೊನೆಗೆ ಆ ಕೋಷ್ಟಕವನ್ನು ಕೇಳುವವರು ಇನ್ನೂ ಇದ್ದಾರೆ. ಆ ಅಕ್ಟೋಬರ್‌ನ ಕೋಷ್ಟಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮೌಲ್ಯ ಬಂದದ್ದು ನನ್ನ ‘ಸಮಗ್ರ ಪರಿಹಾರ’ಕ್ಕೆ! ಮೇಡಂ ಆ ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಏನೂ ಹೇಳದೆ ಹಾಳೆಯನ್ನು ನನಗೆ ಹಿಂತಿರುಗಿಸಿದರು. ಮೇಡಂ, ಈ ಎರಡು ವರ್ಷಗಳಲ್ಲಿ ನೀವು ನನಗೆ ಕಲಿಸಿದ್ದರಲ್ಲಿ ಹೆಚ್ಚಿನದು ಹೀಗೆ ಮಾತಿಲ್ಲದೆ ಕಲಿಸಿದ್ದು. ಅದಕ್ಕೆ ಧನ್ಯವಾದವನ್ನು ನಾನಾದರೂ ಮಾತಿನಲ್ಲಿ ಹೇಳಬೇಕು.

ಕಬ್ಬನ್ ಉದ್ಯಾನದ ಪ್ರೆಸ್ ಕ್ಲಬ್ಬಿನಲ್ಲಿ ನಾನು ಏರ್ಪಡಿಸಿದ ಮೊದಲ ಪತ್ರಿಕಾಗೋಷ್ಠಿಗೆ ಮಳೆಯಲ್ಲೂ ಬಂದ ಆರು ಮಂದಿ ವರದಿಗಾರರಿಗೆ, ಬಾರದಿದ್ದರೂ ಬರುವುದಿಲ್ಲವೆಂದು ಮುಂಚೆಯೇ ತಿಳಿಸಿದವರಿಗೆ, ಬೆಳಿಗ್ಗೆ ಆರಕ್ಕೆ ನನಗಾಗಿ ಎಂಟು ಪತ್ರಿಕೆಗಳನ್ನು ಎತ್ತಿಡುವ ಅಂಗಡಿಯವರಿಗೆ ವಂದನೆಗಳು. ಅಮ್ಮ ಇಂದಿಗೂ ಊರಿನಲ್ಲಿ ಕೇಳಿದವರಿಗೆ ‘ಪೇಪರಿನಲ್ಲಿ ಕೆಲಸ’ ಎಂದೇ ಹೇಳುತ್ತಾಳೆ. ಅಪ್ಪಯ್ಯ ವಾಣಿಜ್ಯ ಪುಟವನ್ನು ಪೂರ್ತಿ ಓದಿ, ನನ್ನ ಹೆಸರು ಸಿಗದೆ, ‘ಇದು ನೀನು ಬರೆದದ್ದೋ?’ ಎಂದು ಫೋನಿನಲ್ಲಿ ಒಂದೊಂದು ಸುದ್ದಿಯನ್ನೂ ಓದಿ ಹೇಳುತ್ತಾರೆ. ಹತ್ತರಲ್ಲಿ ಒಂದು ನನ್ನದಾಗಿರುತ್ತದೆ. ಈಗೀಗ ಕನ್ನಡ ಕೆಟ್ಟಿದ್ದರೆ ನನ್ನದಲ್ಲವೆಂದು ಅವರೇ ತೀರ್ಮಾನಿಸಿಬಿಡುತ್ತಾರೆ. ಈ ವಿಶ್ವಾಸಕ್ಕೆ ನಾನು ಇನ್ನೂ ಅರ್ಹಳಾಗಿಲ್ಲ.

ಪರಿಹಾರದ ಪ್ರಸಂಗದ ನಂತರ ಕನ್ನಡ ಪ್ರಕಟಣೆಗಳಲ್ಲಿ ಮೊಬೈಲ್ ಸಂಖ್ಯೆ ಬೇಡ, ಇಮೇಲ್ ವಿಳಾಸ ಸಾಕು ಎಂಬ ಸಲಹೆ ಕಚೇರಿಯಲ್ಲಿ ಬಂದಿತ್ತು. ಮೇಡಂ ಒಪ್ಪಲಿಲ್ಲ. ಕಳೆದ ವಾರ ಕನ್ನಡ ವಿಭಾಗದ ಹೊಣೆ ಹೊತ್ತ ಮೇಲೆ ಅದೇ ಪ್ರಶ್ನೆ ಮತ್ತೆ ನನ್ನ ಮುಂದೆ ಬಂತು, ಈ ಸಲ ತೀರ್ಮಾನ ನನ್ನದು. ಹೊಸದಾಗಿ ಸೇರಿದ ಹುಡುಗ ಕಳುಹಿಸಿದ ಕರಡನ್ನು ತಿದ್ದಿ, ಕೊನೆಯ ಸಾಲಿನಲ್ಲಿ ‘ಮಾಹಿತಿಗೆ ಸಂಪರ್ಕಿಸಿ’ ಎಂದು ಬರೆದು ಸಂಖ್ಯೆಯನ್ನು ಸೇರಿಸಿದೆ. ಈಗಲೂ ಅಲ್ಲಿರುವುದು ನನ್ನ ಸಂಖ್ಯೆಯೇ.