ಬಾರದವರನ್ನು ಹುಡುಕಿಕೊಂಡು ಹೋಗಿ

ಸಂಪಾದಕರೇ,

ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳುವವರು ಬೇಕಾದಷ್ಟು ಜನ. ಪಾಸಿಟಿವ್ ಬಂದವರು ಆಮೇಲೆ ಏನಾದರು ಎಂದು ಕೇಳುವವರು ಕಡಿಮೆ. ಕೆಲವರು ಚಿಕಿತ್ಸೆ ಶುರುವೇ ಮಾಡುವುದಿಲ್ಲ. ಇನ್ನು ಕೆಲವರು ಒಂದೆರಡು ವರ್ಷ ಮಾತ್ರೆ ನುಂಗಿ, ‘ಈಗ ಚೆನ್ನಾಗೇ ಇದ್ದೀನಲ್ಲ’ ಎಂದು ಬಿಟ್ಟುಬಿಡುತ್ತಾರೆ. ವೈರಸ್ ಮಾತ್ರ ಸುಮ್ನೆ ಕೂರುವುದಿಲ್ಲ.

ಇಂಥವರನ್ನು ಬೇಜವಾಬ್ದಾರಿ ಜನ ಎಂದು ಬೈಯುವುದು ಸುಲಭ, ಅಲ್ವಾ? ಔಷಧಿಯ ಸಾಲಿನಲ್ಲಿ ಪರಿಚಯದವರು ಕಂಡರೆ ಎಂಬ ಭಯ, ತಿಂಗಳು ತಿಂಗಳೂ ಕೆಲಸ ಬಿಟ್ಟು ಬರುವ ಕಷ್ಟ, ಒಮ್ಮೆ ತಪ್ಪಿಸಿದರೆ ಸಿಗುವ ಬೈಗುಳ ಎಷ್ಟೋ ಜನರನ್ನು ದೂರ ಮಾಡುತ್ತವೆ. ಆರೋಗ್ಯ ಸ್ಥಿರವಾಗಿರುವವರಿಗೆ ಮೂರರಿಂದ ಆರು ತಿಂಗಳ ಮಾತ್ರೆ ಒಟ್ಟಿಗೇ ಕೊಡಬಹುದು. ಸಿಡಿ4 (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಎಣಿಕೆ ಇಳಿಯುವವರೆಗೆ ಕಾಯಬೇಡಿ, ಎಲ್ಲರಿಗೂ ಚಿಕಿತ್ಸೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ಬಾರದವರಿಗೆ ಫೋನ್ ಮಾಡಲು, ಭೇಟಿಯಾಗಲು ಎಚ್‌ಐವಿ ಜೊತೆ ಬದುಕುತ್ತಿರುವವರನ್ನೇ ಸಂಬಳ ಕೊಟ್ಟು ನೇಮಿಸಿ. ಒಪ್ಪಿಗೆ ಪಡೆದೇ ಮನೆಗೆ ಹೋಗಬೇಕು. ಆಸ್ಪತ್ರೆಯ ಬೋರ್ಡ್ ಹಾಕಿದ ಗಾಡಿಯಲ್ಲಂತೂ ಬೇಡವೇ ಬೇಡ! ಮಾತ್ರೆಯಿಂದ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಈ ಮಾತನ್ನು ಮೊದಲ ಭೇಟಿಯಲ್ಲೇ ಎಷ್ಟು ಜನರಿಗೆ ಹೇಳುತ್ತಿದ್ದಾರೆ?

– ಓದುಗ